ಕಲಾಯಿ ಇಲ್ಲದ ಹಂಡೆ

ಮೊನ್ನೆ ಬ್ರಯಾನ್ ಫೋನ್ ಮಾಡಿದ್ದ. ಕಂಪನಿಗೆ ಇಬ್ಬರು ಹೊಸ ಗೈಡುಗಳು ಸೇರಿದ್ದಾರೆ, ಇಬ್ಬರೂ ನಿಮ್ಮ ಕಡೆಯವರೇ, ಅವರಿಗಾಗಿ ನಾಲ್ಕು ಮಾತು ಬರೆದುಕೊಡು ಎಂದ. ನಾಲ್ಕು ಮಾತಿನಲ್ಲಿ ಮುಗಿಸುವ ಅಭ್ಯಾಸವಿದ್ದಿದ್ದರೆ ನಾನು ಗೈಡ್ ಆಗುತ್ತಲೇ ಇರಲಿಲ್ಲ. ಆದ್ದರಿಂದ ತಂಗಿ, ತಮ್ಮ, ಒಂದು ಕಪ್ ಚಹಾ ಮಾಡಿಟ್ಟುಕೊಂಡು ಓದಲು ಕೂರಿ.

ಬ್ರಯಾನ್ ನನ್ನ ಹಳೆಯ ಮಾಲೀಕ. ಲಂಡನ್ನಿನ ಹೌನ್ಸ್ಲೋದಲ್ಲಿ ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಒಂದು ಕೋಣೆ ನಮ್ಮ ಆಫೀಸು. ಕೆಳಗೆ ಮಷಿನ್‌ಗಳು ಸುತ್ತಿದಾಗಲೆಲ್ಲ ಮೇಲೆ ನಮ್ಮ ಕುರ್ಚಿಗಳು ನಡುಗುತ್ತಿದ್ದವು. ಏರ್‌ಪೋರ್ಟಿನ ಸರಕು ಗೋದಾಮಿನಲ್ಲಿ ಇದ್ದ ನನ್ನ ಕೆಲಸ ಹೋದಾಗ ನನಗೆ ಐವತ್ತು ದಾಟಿತ್ತು. ಆ ವಯಸ್ಸಿನವನನ್ನು ಕರೆದು ಕೂರಿಸಿ ಬ್ರಯಾನ್ ಕೇಳಿದ್ದು ಒಂದೇ ಪ್ರಶ್ನೆ: "ನೀನು ಕುಡಿಯುತ್ತೀಯಾ?" ಇಲ್ಲ ಎಂದೆ. "ನಾಳೆಯಿಂದ ಬಾ" ಎಂದ. ಹಿಂದಿನ ಗೈಡು ಅತಿಥಿಗಳಿಗಿಂತ ಮುಂಚೆಯೇ ಮತ್ತನಾಗುತ್ತಿದ್ದನೆಂದು ಆಮೇಲೆ ತಿಳಿಯಿತು.

ನಮ್ಮ ಕೆಲಸ ಕೇಳಿದವರಿಗೆ ನಂಬಿಕೆ ಬರುವುದಿಲ್ಲ. ಬೆಳಗಿನ ಮೊದಲ ವಿಮಾನಕ್ಕೆ ಹೀಥ್ರೂದಿಂದ ಅತಿಥಿಗಳನ್ನು ಹತ್ತಿಸಿಕೊಂಡು ಎಡಿನ್‌ಬರಾದಲ್ಲಿ ಇಳಿಯುವುದು, ಅಲ್ಲಿ ಕಾದಿರುವ ವ್ಯಾನಿಗೆ ನಾವೇ ಡ್ರೈವರು. ಎರಡು ವಿಸ್ಕಿ ಡಿಸ್ಟಿಲರಿ ತೋರಿಸಿ, ಊಟ ಮಾಡಿಸಿ, ಸಂಜೆಯ ವಿಮಾನಕ್ಕೆ ಮರಳಿ ಹೀಥ್ರೂ. ಸ್ಕಾಚ್ ಎಂಬುದನ್ನು ಸ್ಕಾಟ್‌ಲೆಂಡಿನಲ್ಲಿಯೇ ಮಾಡಬೇಕೆಂಬ ಕಾನೂನಿದೆ. ಲಂಡನ್ನಿನಲ್ಲಿ ಒಂದೇ ದಿನ ಬಿಡುವಿರುವ ಶ್ರೀಮಂತರು ಇರುವವರೆಗೆ ನಮ್ಮ ಹೊಟ್ಟೆಗೆ ತೊಂದರೆಯಿಲ್ಲ.

ಮೊದಲ ತಿಂಗಳು ನಾನು ಮೂರು ಪುಸ್ತಕ ಬಾಯಿಪಾಠ ಮಾಡಿದ್ದೆ. ವ್ಯಾನಿನಲ್ಲಿ ಕೂತವರಿಗೆ ಬಾರ್ಲಿಯ ಇತಿಹಾಸ, ತೆರಿಗೆಯ ಇತಿಹಾಸ, ಕಳ್ಳಭಟ್ಟಿಯ ಇತಿಹಾಸ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಹಿಂದಿನ ಸೀಟಿನಲ್ಲಿದ್ದ ಬ್ರಯಾನ್ ನನ್ನನ್ನು ಪರೀಕ್ಷಿಸಲು ಬಂದಿದ್ದ. ಇಳಿದ ಮೇಲೆ ಹೇಳಿದ, "ನೀನು ಹೇಳಿದ್ದೆಲ್ಲ ಸರಿ. ಆದರೆ ಆ ಹೆಂಗಸು ನಲವತ್ತು ನಿಮಿಷದಿಂದ ಟಾಯ್ಲೆಟ್ ಎಲ್ಲಿ ಅಂತ ಕೇಳಲು ನೋಡುತ್ತಿದ್ದಳು. ಮೊದಲು ಅದನ್ನು ಹೇಳು, ಇತಿಹಾಸ ಎಲ್ಲೂ ಓಡಿಹೋಗುವುದಿಲ್ಲ." ಹದಿನಾಲ್ಕು ವರ್ಷದಲ್ಲಿ ನಾನು ಕೇಳಿದ ಅತ್ಯುತ್ತಮ ವೃತ್ತಿಪಾಠ ಇದು.

ಎರಡನೆಯ ಪಾಠ ಕಲಿಸಿದವರು ಮೈಸೂರಿನ ಮೂವರು ಡಾಕ್ಟರುಗಳು. ಇಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಜೀವ ಸವೆಸಿ, ಒಂದೇ ತಿಂಗಳಲ್ಲಿ ನಿವೃತ್ತರಾಗಿ, ಆ ಸಂತೋಷಕ್ಕೆ ಖಾಸಗಿ ಟೂರು ಬುಕ್ ಮಾಡಿದ್ದರು. ಡಿಸ್ಟಿಲರಿಯವರು ಮೇಜಿನ ಮೇಲೆ ಒಬ್ಬೊಬ್ಬರಿಗೆ ಐದರಂತೆ ಗ್ಲಾಸು ಸಾಲಾಗಿ ಇಟ್ಟರು. ಮೊದಲನೆಯವರು ಗ್ಲಾಸಿಗೆ ಕೈಮುಗಿದರು. "ಇವತ್ತು ಗುರುವಾರ ಅಲ್ವೇನ್ರೀ? ರಾಯರ ದಿನ. ನಾನು ಮುಟ್ಟಲ್ಲ." ಎರಡನೆಯವರು ತಮ್ಮ ಫೋನ್ ತೆಗೆದು ನೋಡಿ, "ಅಯ್ಯೋ, ಏಕಾದಶಿ ಕಣ್ರೀ!" ಎಂದರು. ಮೂರನೆಯವರು ಇಬ್ಬರನ್ನೂ ಕರುಣೆಯಿಂದ ನೋಡಿ, "ನನಗೆ ರಾಯರೂ ಇಲ್ಲ, ಏಕಾದಶಿಯೂ ಇಲ್ಲ. ದುಡ್ಡು ಕೊಟ್ಟಾಗಿದೆ" ಎಂದು ಹದಿನೈದೂ ಗ್ಲಾಸುಗಳ ಜವಾಬ್ದಾರಿ ವಹಿಸಿಕೊಂಡರು. ಅವರನ್ನು ವಿಮಾನಕ್ಕೆ ಹತ್ತಿಸುವಾಗ ಅವರು ದೇವರನಾಮ ಹಾಡುತ್ತಿದ್ದರು, ಉಪವಾಸವಿದ್ದ ಇಬ್ಬರು ತಾಳ ಹಾಕುತ್ತಿದ್ದರು.

ಅಂದಿನಿಂದ ನಮ್ಮ ಬುಕಿಂಗ್ ಫಾರಂನಲ್ಲಿ ಒಂದು ಹೊಸ ಪ್ರಶ್ನೆ ಸೇರಿತು: ನೀವು ಕುಡಿಯದ ವಾರ, ತಿಥಿ, ತಿಂಗಳು ಯಾವುದಾದರೂ ಇದೆಯೇ? ಆಫೀಸಿನ ಗೋಡೆಗೆ ನಾನು ಪಂಚಾಂಗದ ಕ್ಯಾಲೆಂಡರ್ ತಂದು ಹಾಕಿದೆ. ಶ್ರಾವಣದಲ್ಲಿ ಭಾರತದವರ ಬುಕಿಂಗ್ ಏಕೆ ಕುಸಿಯುತ್ತದೆಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದ ಬ್ರಯಾನ್, ಆ ಕ್ಯಾಲೆಂಡರ್ ಮುಂದೆ ನಿಂತು ಜ್ಞಾನೋದಯ ಆದವನಂತೆ ತಲೆಯಾಡಿಸಿದ. ಆಮೇಲೆ ವ್ಯಾನಿಗೆ ಹೊಸ ಟೈರು ಹಾಕಿಸುವ ಮುನ್ನವೂ "ದಿನ ಹೇಗಿದೆ ನೋಡು" ಎಂದು ಕೇಳತೊಡಗಿದ. ಈಗ ನಿಮಗೆ ಎಲ್ಲವೂ ಆ್ಯಪ್‌ನಲ್ಲಿ ಸಿಗುತ್ತದೆ. ಆದರೂ ಕೇಳುವುದನ್ನು ಮರೆಯಬೇಡಿ. ಗಡಿಯಾರ ನೋಡುವುದಕ್ಕಿಂತ ತಿಥಿ ನೋಡುವುದು ಮುಖ್ಯ.

ಇನ್ನು ರಿವ್ಯೂ ಎಂಬ ಪೀಡೆ. ನಾನು ಸೇರಿದಾಗ ಜನ ಮನೆಗೆ ಹೋಗಿ, ಮೂರು ದಿನ ಯೋಚಿಸಿ ಪತ್ರ ಬರೆಯುತ್ತಿದ್ದರು. ಈಗ ಸೀಟಿನ ಬೆಲ್ಟ್ ಬಿಚ್ಚುವ ಮುನ್ನವೇ ನಕ್ಷತ್ರ ಕೊಟ್ಟಿರುತ್ತಾರೆ. ಒಬ್ಬ ಮಹಾನುಭಾವ ನನಗೆ ಒಂದೇ ನಕ್ಷತ್ರ ಕೊಟ್ಟು, "ಈ ಗೈಡ್ ಕುಡಿಯುವುದೇ ಇಲ್ಲ, ಇವನಿಗೇನು ಗೊತ್ತು" ಎಂದು ಬರೆದಿದ್ದ. ನಾನು ಮುಖ ಸಣ್ಣದು ಮಾಡಿಕೊಂಡು ಕೂತಿದ್ದಾಗ ನನ್ನ ಹೆಂಡತಿ ಗಿರಿಜಾ ಹೇಳಿದಳು, "ಸೂಲಗಿತ್ತಿ ಪ್ರತಿ ಸಲ ತಾನೂ ಹಡಿಬೇಕೇನ್ರಿ?" ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಉತ್ತರ ಕೊಡಬೇಕೆಂದಿದ್ದೆ, ಬ್ರಯಾನ್ ಬಿಡಲಿಲ್ಲ.

ಕುಡಿಯದ ಡ್ರೈವರನಿಗೆ ಸ್ಕಾಟ್‌ಲೆಂಡಿನವರು ಮರ್ಯಾದೆ ಕೊಡುವ ಒಂದು ಪದ್ಧತಿಯಿದೆ. ಗಾಡಿ ಓಡಿಸುವವನು ಅಲ್ಲಿ ರುಚಿ ನೋಡುವಂತಿಲ್ಲವಲ್ಲ, ಅವನ ಪಾಲನ್ನು ಹೆಬ್ಬೆರಳಿನಷ್ಟು ಸೀಸೆಯಲ್ಲಿ ತುಂಬಿ ಮನೆಗೆ ಕಳಿಸುತ್ತಾರೆ. 'ಡ್ರೈವರ್ಸ್ ಡ್ರಾಮ್' ಎನ್ನುತ್ತಾರೆ. ಬೇಡವೆಂದರೆ ಅವರಿಗೆ ಬೇಜಾರು. ಹೀಗಾಗಿ ನಮ್ಮ ಮನೆಯ ಚಪ್ಪಲಿ ಕಪಾಟಿನಲ್ಲಿ ಆ ಸೀಸೆಗಳು ಸಾಲು ಸಾಲು ಬೆಳೆದವು. ಕುಡಿಯದೆ ಅಷ್ಟು ಸರಕಿಟ್ಟುಕೊಂಡವನು ಹೌನ್ಸ್ಲೋದಲ್ಲಿ ನಾನೊಬ್ಬನೇ ಇರಬೇಕು. ಈ ಸೀಸೆಗಳನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ಈಗ ನನ್ನ ಮಾವನವರು ಬರುತ್ತಾರೆ.

ನನ್ನ ಮಾವ ವಿಜಯಪುರದ ಕಂಚಗಾರರು. ಎಂಟನೆಯ ವಯಸ್ಸಿನಿಂದ ತಾಮ್ರ ಬಡಿದವರು. ಅವರು ಮಾಡಿದ ಹಂಡೆಗಳಲ್ಲಿ ನೀರು ಕಾಯಿಸಿಕೊಂಡು ನಾಲ್ಕು ತಲೆಮಾರು ಸ್ನಾನ ಮಾಡಿದೆ. ಅವರ ತಮ್ಮನೂ ಅದೇ ಕಸುಬಿನವರು, ಕೈಚಳಕದಲ್ಲಿ ಅಣ್ಣನನ್ನೂ ಮೀರಿಸಿದವರು. ಕುಡಿದು ಕುಡಿದು ಮೂವತ್ತಾರಕ್ಕೆ ಸತ್ತರು. ಆಮೇಲೆ ಮಾವ ದಾರು ಎಂಬ ಶಬ್ದ ಕೇಳಿದರೂ ಎದ್ದು ಹೋಗುತ್ತಿದ್ದರು. ಅವರ ಖಾಸಾ ತಂಗಿಯ ಗಂಡ ವೈನ್ ಶಾಪಿನ ಲೈಸೆನ್ಸ್ ತೆಗೆದುಕೊಂಡಾಗ, ಆ ಮನೆಯಲ್ಲಿ ಇನ್ನು ನೀರು ಮುಟ್ಟುವುದಿಲ್ಲ ಎಂದರು. ಹನ್ನೊಂದು ವರ್ಷ ಮುಟ್ಟಲಿಲ್ಲ. ಮದುವೆ, ಸೀಮಂತ ಎಲ್ಲದಕ್ಕೂ ಹೋಗುತ್ತಿದ್ದರು, ಬಗಲಲ್ಲಿ ಸ್ವಂತ ನೀರಿನ ತಂಬಿಗೆ ಇಟ್ಟುಕೊಂಡು.

ಅಂಥವರಿಗೆ ನನ್ನ ಹೊಸ ಕೆಲಸವನ್ನು ಹೇಗೆ ಹೇಳುವುದು? ಫೋನಿನಲ್ಲಿ ಅವರು ಕೇಳಿದಾಗ ನನ್ನ ಬಾಯಿಗೆ ಬಂದದ್ದು, "ದೊಡ್ಡ ದೊಡ್ಡ ತಾಮ್ರದ ಪಾತ್ರೆ ಇರೋ ಕಾರ್ಖಾನಿ ತೋರಸ್ತೀನ್ರಿ ಮಾವಾರ." ಸುಳ್ಳಲ್ಲ. ವಿಸ್ಕಿ ಭಟ್ಟಿ ಇಳಿಸುವುದು ತಾಮ್ರದ ಹಂಡೆಯಲ್ಲಿಯೇ. ಆದರೆ ನಿಜವನ್ನು ಅರ್ಧಕ್ಕೆ ಕತ್ತರಿಸಿದರೆ ಏನಾಗುತ್ತದೆಂದು ನನಗಾಗಲೇ ಗೊತ್ತಿರಬೇಕಿತ್ತು. ಮಾವನಿಗೆ ಆದ ಹಿಗ್ಗು ಹೇಳತೀರದು. ತಾಮ್ರ ಕೇಳುವವರಿಲ್ಲದೆ ಸ್ಟೀಲಿನ ಅಂಗಡಿಗಳ ನಡುವೆ ಒಂಟಿಯಾಗಿದ್ದ ಮನುಷ್ಯನಿಗೆ, ಅಳಿಯ ಲಂಡನ್ನಿನವರಿಗೆ ತಾಮ್ರ ತೋರಿಸುತ್ತಾನೆಂಬುದು ಓಣಿಯಲ್ಲೆಲ್ಲ ಹೇಳಿಕೊಳ್ಳುವ ಸುದ್ದಿಯಾಯಿತು.

ಹನ್ನೆರಡು ವರ್ಷದ ಮೇಲೆ ಮಾವ ಒಬ್ಬರೇ ಮೂರು ವಾರಕ್ಕೆಂದು ಲಂಡನ್ನಿಗೆ ಬಂದರು. ಅತ್ತೆಗೆ ಮೊಣಕಾಲು ನೋವು, ವಿಮಾನ ಬೇಡ ಎಂದುಬಿಟ್ಟಿದ್ದರು. ಗಿರಿಜಾ ಸೀಸೆಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ, ಮೇಲೆ 'ಕೆಮ್ಮಿನ ಔಷಧ' ಎಂದು ಬರೆದು ಅಟ್ಟಕ್ಕೆ ಏರಿಸಿದಳು. ಮಗಳು ನೇಹಾ ಅದನ್ನು ನೋಡಿ, "ದಿಸ್ ವಿಲ್ ನಾಟ್ ಎಂಡ್ ವೆಲ್, ಡ್ಯಾಡ್" ಎಂದಳು.

ಎಂಡ್ ಆಗಲು ಬ್ರಯಾನ್ ಕಾರಣನಾದ. ಮಾವನನ್ನು ನೋಡಿ ಹೋಗಲು ಚಹಾಕ್ಕೆ ಬಂದವನಿಗೆ ಅವರ ಕಸುಬು ತಿಳಿದು ಪರಮಾನಂದವಾಯಿತು. "ತಾಮ್ರದ ಮನುಷ್ಯ! ಶುಕ್ರವಾರ ಒಂದು ಸೀಟು ಖಾಲಿ ಇದೆ. ವಿಮಾನದ ಟಿಕೆಟ್ ನಾನೇ ತೆಗೆಸುತ್ತೇನೆ." ಮಾವ ಗಿರಿಜಾಳ ಮುಖ ನೋಡಿದರು. ಅವಳು ಅನುವಾದ ಮಾಡದೆ ಚಕ್ಕುಲಿ ತಟ್ಟೆ ಮುಂದೆ ದೂಡಿದಳು. ಬ್ರಯಾನ್ ಬಿಡದೆ ಎರಡೂ ಕೈಯಲ್ಲಿ ದೊಡ್ಡ ಹಂಡೆಯ ಆಕಾರ ಮಾಡಿ ತೋರಿಸಿದ. ಅದಕ್ಕೆ ಅನುವಾದ ಬೇಕಿರಲಿಲ್ಲ.

ಶುಕ್ರವಾರದ ಅತಿಥಿಗಳು ಯಾರಾಗಿರಬೇಕು? ಲಂಡನ್ನಿನ ರೇನರ್ಸ್ ಲೇನಿನಲ್ಲಿರುವ ಧಾರವಾಡದ ಡಾಕ್ಟರ್ ದಂಪತಿ. ಕನ್ನಡ ಬಾರದ ಇಡೀ ಪ್ರಪಂಚವಿರುವಾಗ ನನ್ನ ಗ್ರಹಚಾರಕ್ಕೆ ಇವರು! ಹೀಥ್ರೂದಲ್ಲಿ ಮಾವನನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ದಂಪತಿಯನ್ನು ಕಾಫಿ ಅಂಗಡಿಯ ಹಿಂದಕ್ಕೆ ಕರೆದೊಯ್ದು ಕೈಮುಗಿದೆ. ಡಾಕ್ಟರ್ ಸಾಹೇಬರು ಎಲ್ಲ ಕೇಳಿ, "ಅಲ್ರೀ, ವಿಸ್ಕಿ ಟೂರಿನ್ಯಾಗ ವಿಸ್ಕಿ ಅನ್ನಬಾರದ? ಮತ್ತೇನನ್ನೂಣು?" ಎಂದರು. ಅವರ ಹೆಂಡತಿ ತಕ್ಷಣ, "ಕಷಾಯ ಅನ್ರಿ. ನಲವತ್ತು ವರ್ಷ ಪೇಶಂಟಿಗೆ ಸುಳ್ಳು ಹೇಳಿಲ್ಲೇನ?" ಎಂದರು. ಕಷಾಯ ಎಂದೇ ನಿಶ್ಚಯವಾಯಿತು.

ಡಿಸ್ಟಿಲರಿಯಲ್ಲಿ ನಮ್ಮನ್ನು ಸುತ್ತಾಡಿಸುವ ಫಿಯೋನಾ ಎಂಬಾಕೆ ನನಗೆ ಹಳೆಯ ಪರಿಚಯ, ನಿಯಮದಲ್ಲಿ ಬಹಳ ಬಿಗಿ. ಮೊದಲು ಮೊಳಕೆಯೊಡೆದ ಬಾರ್ಲಿ ತೋರಿಸಿದಳು. ಮಾವ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, "ಜವಿಗೋದಿ. ಛಲೋ ಮೊಳಕಿ ಬಂದೈತಿ. ಹುರಿಹಿಟ್ಟ ಮಾಡ್ತಾರೇನ್ರಿ?" ಎಂದರು. ನಾನು ಹೂಂಗುಟ್ಟಿದೆ. ಆಮೇಲೆ ಮರದ ದೊಡ್ಡ ತೊಟ್ಟಿಗಳಲ್ಲಿ ನೊರೆಯೇಳುತ್ತಿದ್ದ ರಸ ತೋರಿಸಿದಳು. ಮೂಗಿಗೆ ರಪ್ಪನೆ ಹೊಡೆಯುವ ವಾಸನೆ. ಮಾವ ಮೂಗು ಒರೆಸಿಕೊಂಡು ನನ್ನ ಮುಖ ನೋಡಿದರು. "ಹುಳಿ ಬರಸ್ತಾರ್ರಿ ಮಾವಾರ" ಎಂದೆ. ಹಿಂದಿನಿಂದ ಡಾಕ್ಟರ್ ಸಾಹೇಬರು, "ಕಷಾಯಕ್ಕ ಹುಳಿ ಬೇಕ್ರಿ" ಎಂದು ನನಗೆ ಸಹಾಯ ಮಾಡಿದರು.

ಹಂಡೆಗಳಿರುವ ಮನೆಯ ಬಾಗಿಲಿಗೆ ಬಂದಾಗ ಮಾವ ನಿಂತುಬಿಟ್ಟರು. ಎರಡಾಳೆತ್ತರದ ನಾಲ್ಕು ತಾಮ್ರದ ಹಂಡೆಗಳು, ಕಿಟಕಿಯ ಬಿಸಿಲಿಗೆ ಕೆಂಪಗೆ ಹೊಳೆಯುತ್ತಿದ್ದವು. ಮಾವ ಬಗ್ಗಿ ಬೂಟು ಬಿಚ್ಚತೊಡಗಿದರು. ಫಿಯೋನಾ ಬೂಟಿಲ್ಲದೆ ಒಳಗೆ ಬಿಡುವುದಿಲ್ಲ ಎಂದಳು. ಬೂಟು ಹಾಕಿಕೊಂಡು ಅಷ್ಟು ತಾಮ್ರದ ಮುಂದೆ ಹೋಗುವುದು ಹೇಗೆಂದು ಮಾವ. ಕೊನೆಗೆ ಬೂಟು ಹಾಕಿಕೊಂಡೇ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಒಳಗೆ ಬಂದರು. ಅವರ ಕಣ್ಣು ತುಂಬಿತ್ತು. ಆ ಒಂದು ಗಳಿಗೆ ನನಗೆ ನನ್ನ ಸುಳ್ಳಿನ ಬಗ್ಗೆ ಹೆಮ್ಮೆಯೇ ಆಯಿತು.

ಒಂದು ಹಂಡೆ ಅಂದು ತೊಳೆಯಲೆಂದು ತಣ್ಣಗೆ ನಿಂತಿತ್ತು. ಅದರ ಹೊಟ್ಟೆಯ ಬಾಗಿಲು ತೆರೆದಿತ್ತು. ಮಾವ ಒಳಗೆ ಇಣುಕಿದವರೇ ಹಾವು ಕಂಡವರಂತೆ ಹಿಂದೆ ಸರಿದರು.

"ಅಳಿಯಾರ! ಕಲಾಯಿ ಇಲ್ಲ!"

"ಏನ್ರಿ ಮಾವಾರ?"

"ಒಳಗ ಕಲಾಯಿ ಹಾಕಿಲ್ರೀ! ಬರೇ ತಾಮ್ರ! ಇದರಾಗ ಹುಳಿ ಕುದಸ್ತಾರ? ವಿಷ ಆಗ್ತೈತಿ! ಮಂದಿ ಸಾಯ್ತಾರ! ಮೊದಲ ಬಂದ್ ಮಾಡ್ಸ್ರಿ!"

ತಾಮ್ರದ ಪಾತ್ರೆಗೆ ಒಳಗೆ ತವರದ ಕಲಾಯಿ ಹಾಕದೆ ಹುಳಿ ಪದಾರ್ಥ ಕುದಿಸಬಾರದೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಸ್ಕಾಟ್‌ಲೆಂಡಿನವರಿಗೆ ಗೊತ್ತಿಲ್ಲವೆಂದು ಮಾವನಿಗೆ ಆಘಾತವಾಗಿತ್ತು. ಅವರ ಕೂಗಿಗೆ ಇನ್ನೊಂದು ಗುಂಪಿನ ಹತ್ತು ಜನ ನಮ್ಮ ಕಡೆ ತಿರುಗಿದರು. "ಏನು ಹೇಳುತ್ತಿದ್ದಾರೆ?" ಎಂದು ಫಿಯೋನಾ ಕೇಳಿದಳು. ನಾನು ಬಾಯಿ ತೆರೆಯುವ ಮುನ್ನ ಡಾಕ್ಟರಮ್ಮ ನಿಷ್ಠೆಯಿಂದ ಅನುವಾದಿಸಿದರು: "ನೀವು ಎಲ್ಲರಿಗೂ ವಿಷ ಹಾಕುತ್ತಿದ್ದೀರಿ ಅಂತಿದ್ದಾರೆ."

ಫಿಯೋನಾಳ ಮುಖ ಬಿಳಿಚಿಕೊಂಡಿತು. ಇನ್ನು ಈ ಬಾಗಿಲಿಗೆ ನಮ್ಮ ವ್ಯಾನು ಬಂದ ಹಾಗೆಯೇ ಎಂದುಕೊಂಡೆ. ಅಷ್ಟರಲ್ಲಿ ಮಾವ ಅವಳ ಎಚ್ಚರಿಕೆಗೆ ಕಿವಿಗೊಡದೆ, ಬೆರಳಿನ ಉಂಗುರದಿಂದ ಹಂಡೆಯನ್ನು ಬಡಿಯುತ್ತ ಸುತ್ತುತೊಡಗಿದ್ದರು. ಠಣ್, ಠಣ್, ಠಣ್. ಕಿವಿ ಹಚ್ಚಿ ಕೇಳುವುದು, ಒಂದು ಹೆಜ್ಜೆ ಸರಿಯುವುದು. ಒಂದು ಕಡೆ ಸದ್ದು ಬದಲಾಯಿತು. ಮಾವ ಅಲ್ಲಿಯೇ ನಿಂತು ಅಂಗೈಯಿಂದ ಸವರಿದರು. "ಇಲ್ಲಿ ಸವದೈತಿ. ಹಾಳಿ ಹಂಗ ತೆಳ್ಳಗಾಗೈತಿ. ಒಂದೆರಡು ವರ್ಷದಾಗ ತೂತ ಬೀಳತೈತಿ."

ಹಂಡೆಗಳ ಉಸ್ತುವಾರಿಯ ಡಂಕನ್ ಎಂಬ ಮುದುಕ ಮೆಟ್ಟಿಲಿಳಿದು ಬಂದ. ಬೈಯುತ್ತಾನೆಂದುಕೊಂಡೆ. ಅವನು ಮಾವ ತೋರಿಸಿದ ಜಾಗವನ್ನು ನೋಡಿ, ಅವರ ಮೊಣಕೈ ಹಿಡಿದು ಬಾಗಿಲಿನ ಹತ್ತಿರ ಕರೆದೊಯ್ದು, ಟಾರ್ಚ್ ಹಾಕಿ ಒಳಗೆ ತೋರಿಸಿದ. ಅದೇ ಜಾಗದಲ್ಲಿ ಸೀಮೆಸುಣ್ಣದ ಗೆರೆಯಿತ್ತು. ಹೋದ ತಿಂಗಳು ಯಂತ್ರ ಹಚ್ಚಿ ಅಳೆದು, ತಾಮ್ರ ತೆಳುವಾಗಿದೆಯೆಂದು ಅವರೇ ಗುರುತು ಮಾಡಿದ್ದರು. "ನಮಗೆ ಯಂತ್ರ ಬೇಕಾಯಿತು, ಇವರಿಗೆ ಉಂಗುರ ಸಾಕಾಯಿತು" ಎಂದ ಡಂಕನ್. ಕಲಾಯಿಯ ವಿಷಯ ನಾನು ಹೇಳಿದಾಗ ಅವನು ನಗಲಿಲ್ಲ. ಬರೀ ತಾಮ್ರವೇ ಬೇಕು, ಅದು ರಸದಲ್ಲಿರುವ ಕೆಟ್ಟ ವಾಸನೆಯನ್ನು ತಾನು ನುಂಗಿಕೊಂಡು ತಾನು ಸವೆಯುತ್ತದೆ, ಸವೆದಾಗ ಬದಲಿಸುತ್ತೇವೆ ಎಂದು ವಿವರಿಸಿದ. ನಾನು ಕನ್ನಡದಲ್ಲಿ ಹೇಳಿದ್ದನ್ನು ಮಾವ ಗಂಭೀರವಾಗಿ ಕೇಳಿ, "ಹಂಗಾದ್ರ ಸರಿ. ತಾನು ಸವದು ಮಂದೀನ ಉಳಸ್ತೈತಿ" ಎಂದು ಹಂಡೆಯ ಬೆನ್ನು ತಟ್ಟಿದರು.

ಆಮೇಲೆ ಕಾಲು ಗಂಟೆ ಆ ಇಬ್ಬರು ಮುದುಕರು ಯಾವ ಭಾಷೆಯೂ ಇಲ್ಲದೆ ಹಂಡೆ ಬಡಿಯುತ್ತ ಮಾತಾಡಿದರು. ನನಗೆ ಜೀವ ಬಂದಂತಾಯಿತು. ಗಂಡಾಂತರ ಕಳೆಯಿತೆಂದು ನಿಟ್ಟುಸಿರು ಬಿಡುವಾಗಲೇ ಡಂಕನ್ ತನ್ನ ಕಪಾಟಿನಿಂದ ಒಂದು ಬಾಟಲಿ ತೆಗೆದು, ಗ್ಲಾಸಿಗೆ ಸುರಿದು, ಎರಡೂ ಕೈಯಲ್ಲಿ ಹಿಡಿದು ಮಾವನಿಗೆ ನೀಡಿದ. ಹಂಡೆಯಿಂದ ಆಗತಾನೆ ಇಳಿದ, ನೀರಿನಂತೆ ತಿಳಿಯಾದ ಹೊಸ ಸರಕು. ಅತಿಥಿಗಳಿಗೆ ಕೊಡುವುದಲ್ಲ, ತನ್ನ ಸರೀಕರಿಗೆ ಮಾತ್ರ ಕೊಡುವುದು.

ಮಾವ ನೀರೆಂದುಕೊಂಡು ತೆಗೆದುಕೊಂಡರು. ತುಟಿಯ ಹತ್ತಿರ ಒಯ್ದು ನಿಂತರು.

"ಇದು ದಾರು" ಎಂದರು.

ಡಾಕ್ಟರ್ ಸಾಹೇಬರು ಕ್ಷೀಣವಾಗಿ "ಕಷಾಯ..." ಎಂದರು. ಅವರ ಹೆಂಡತಿ ಅವರ ತೋಳು ಚಿವುಟಿದರು.

ಮಾವ ಗ್ಲಾಸನ್ನು ಡಂಕನ್ನನ ಕೈಗೆ ಮೆಲ್ಲಗೆ ಮರಳಿಸಿ, ಅವನಿಗೆ ಕೈಮುಗಿದರು. ಅವನ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ನನ್ನನ್ನು ಮಾತ್ರ ನೋಡಲಿಲ್ಲ. ವ್ಯಾನಿನಲ್ಲಿ ನಾನು ನೀರಿನ ಬಾಟಲಿ ಕೊಟ್ಟೆ. "ಬ್ಯಾಡ್ರಿ" ಎಂದರು. ವಿಮಾನದಲ್ಲಿಯೂ ಬೇಡ ಎಂದರು. ಇನ್ನು ಗಿರಿಜಾಳ ಮನೆಗೆ ಅವಳ ಅಪ್ಪ ತಂಬಿಗೆ ಬಗಲಲ್ಲಿಟ್ಟುಕೊಂಡು ಬರುತ್ತಾರೆಂಬ ಯೋಚನೆ ಬಂದು, ಅವಳಿಗೆ ಹೇಗೆ ಮುಖ ತೋರಿಸಲೆಂದು ದಾರಿಯುದ್ದಕ್ಕೂ ಬೆವತೆ.

ಮನೆಗೆ ಬಂದು ಕೂತ ಮೇಲೆ ಮಾವ ಬಾಯಿಬಿಟ್ಟರು. "ನಿಮ್ಮ ಅತ್ತಿಗೆ ಫೋನ್ ಹಚ್ರಿ. ನಿಮ್ಮ ಬಾಯಿಂದ ನೀವ ಹೇಳ್ರಿ. ನಾ ಕೇಳಬೇಕು." ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದೆ. ವಿಜಯಪುರದಲ್ಲಿ ನಡುರಾತ್ರಿ ದಾಟಿತ್ತು, ಮೊಣಕಾಲು ನೋವಿಗೆ ಅತ್ತೆ ಇನ್ನೂ ಮಲಗಿರಲಿಲ್ಲ. "ಅತ್ತಿಯಾರ, ನಾ ತೋರಸೋ ಕಾರ್ಖಾನಿ ತಾಮ್ರದ್ದಲ್ರಿ. ದಾರು ಕಾಸೋ ಕಾರ್ಖಾನಿ" ಎಂದೆ.

"ಅಯ್ಯ, ಅದೇನ್ ಹೊಸಾದ್ರಿ?" ಎಂದರು ಅತ್ತೆ. "ನೀವು ಕೆಲಸಕ್ಕ ಸೇರಿದ ವಾರನ ಗಿರಿಜಾ ಹೇಳ್ಯಾಳ. ಓಣ್ಯಾಗ ಎಲ್ಲಾರಿಗೂ ಗೊತ್ತೈತಿ. ಅವ್ರು ಅಂಗಡ್ಯಾಗ ತಾಮ್ರ ತಾಮ್ರ ಅಂತ ಹೇಳ್ಕೋತ ಕುಂತಿರತಾರ, ಮಂದಿ ಪಾಪ, ಹೂಂ ಅಂತಾರ. ಮತ್ತ ನಿಮ್ಮ ಮಾವಾರ ಮುಂದ ಮಾತ್ರ ಬಾಯಿ ಬಿಟ್ಟೀರಿ, ಜ್ವಾಕಿ!"

ನೇಹಾ ಮೆಟ್ಟಿಲ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದಳು. ಮಾವ ಫೋನಿನ ಹತ್ತಿರ ಬಗ್ಗಿ, "ಇಲ್ಲೇ ಅದೀನಿ" ಎಂದರು. ಆ ಕಡೆಯಿಂದ ಫೋನ್ ಕಟ್ಟಾಯಿತು.

ಗಿರಿಜಾ ಅಳುತ್ತ ನೀರು ತಂದು ಮುಂದಿಟ್ಟಳು. ಮಾವ ಲೋಟವನ್ನು ನೋಡಿದರು. "ದಾರುವಿನ ಸಲುವಾಗಿ ಅಲ್ಲವ್ವಾ" ಎಂದರು. "ನಾಕು ಮಂದಿ ಕೂಡಿ ನನ್ನ ಹುಚ್ಚನ್ನ ಮಾಡೀರಿ. ಅದು ಬ್ಯಾನಿ ಆಗೈತಿ." ಮುಟ್ಟಲಿಲ್ಲ. ಉಳಿದ ನಾಲ್ಕು ದಿನವೂ ಹೈ ಸ್ಟ್ರೀಟಿನ ಅಂಗಡಿಯಿಂದ ತಾವೇ ಬಾಟಲಿ ನೀರು ತಂದು ಕುಡಿದರು. ರೊಟ್ಟಿ ಮಾತ್ರ ತಿಂದರು. ರೊಟ್ಟಿ ಮಗಳು ಬಡಿದದ್ದು, ನೀರು ಮನೆಯದು ಎಂಬುದು ಅವರ ಕಾನೂನು. ರೊಟ್ಟಿಗೆ ಹಿಟ್ಟು ಕಲಸಿದ ನೀರಿನ ವಿಷಯ ನಾವ್ಯಾರೂ ಎತ್ತಲಿಲ್ಲ. ಹಾಗೆಯೇ ಊರಿಗೆ ಹೋದರು.

ಆಮೇಲೆ ನಾನು ಮಾಡಿದ್ದು ಇಷ್ಟೇ: ಯಾರು ಕೇಳಿದರೂ ನನ್ನ ಕೆಲಸವನ್ನು ಪೂರ್ತಿ ಹೇಳತೊಡಗಿದೆ. ಪ್ರತಿ ಟೂರಿನಲ್ಲಿಯೂ ಹಂಡೆಯ ಮುಂದೆ ನಿಂತು ಮಾವನ ಉಂಗುರದ ಕಥೆ ಹೇಳಿದೆ. ಅದಕ್ಕೆ ಸಿಕ್ಕಷ್ಟು ನಕ್ಷತ್ರ ನನ್ನ ಬಾರ್ಲಿ ಇತಿಹಾಸಕ್ಕೆ ಎಂದೂ ಸಿಕ್ಕಿರಲಿಲ್ಲ. ಎರಡು ವರ್ಷದ ಮೇಲೆ ನಾನು ನಿವೃತ್ತನಾದಾಗ ಡಂಕನ್ ಒಂದು ಪಾರ್ಸೆಲ್ ಕಳಿಸಿದ. ಆ ಹಂಡೆಯ ಸವೆದ ಹಾಳೆ ಬದಲಿಸಿದ್ದರು. ಅದರ ಪಕ್ಕದ, ಇನ್ನೂ ದಪ್ಪವಿದ್ದ ತಾಮ್ರದ ಒಂದು ತುಂಡು, ಜೊತೆಗೆ 'ಉಂಗುರದ ಮನುಷ್ಯನಿಗೆ' ಎಂಬ ಚೀಟಿ. ನನ್ನದೊಂದು ಅಕ್ಷರವೂ ಸೇರಿಸದೆ ಅದನ್ನು ಮಾವನಿಗೆ ವಿಜಯಪುರಕ್ಕೆ ಕಳಿಸಿದೆ. ಉತ್ತರ ಬರಲಿಲ್ಲ.

ಹೋದ ಬೇಸಿಗೆಯಲ್ಲಿ ನೇಹಾಳ ಪದವಿ ಸಮಾರಂಭಕ್ಕೆ ಮಾವ ಮತ್ತೆ ಬಂದರು. ಕೈ ನಡುಗುತ್ತಿತ್ತು, ಕಿವಿ ಸ್ವಲ್ಪ ಮಂದವಾಗಿತ್ತು. ಬಂದವರೇ ಕೈಚೀಲದಿಂದ ಪಂಚೆಯಲ್ಲಿ ಸುತ್ತಿದ್ದ ಒಂದು ತಂಬಿಗೆ ತೆಗೆದರು. ಸುತ್ತಿಗೆಯ ಗುರುತು ಅಲ್ಲಲ್ಲಿ ಓರೆಯಾಗಿತ್ತು. ತಮ್ಮ ನೀರು ತಾವೇ ತಂದಿದ್ದಾರೆಂದುಕೊಂಡೆ. ತಂಬಿಗೆ ಖಾಲಿ ಇತ್ತು. ಅದನ್ನು ಗಿರಿಜಾಳ ಕೈಗೆ ಕೊಟ್ಟು, "ತುಂಬ್ಕೊಂಡ ಬಾರವ್ವಾ" ಎಂದರು.

ಅವಳು ಅಡುಗೆಮನೆಯ ನಲ್ಲಿಯಿಂದ ತುಂಬಿ ತಂದಳು. ಮಾವ ಅರ್ಧ ಕುಡಿದು, ಉಳಿದದ್ದನ್ನು ನನಗೆ ನೀಡಿದರು.

"ಆ ಹಂಡೀ ತಾಮ್ರ ಇದು. ಒಳಗ ಕಲಾಯಿ ಹಾಕಿಲ್ಲ, ಅಳಿಯಾರ" ಎಂದರು. "ನೀರಿಗೆ ಬೇಕಾಗಂಗಿಲ್ಲ. ಇದ್ದದ್ದು ಇದ್ದಂಗ ಕಾಣ್ಲಿ."

ನಾನು ಕುಡಿದೆ. ಹೌನ್ಸ್ಲೋದ ನೀರಿನಲ್ಲಿ ಸುಣ್ಣ ಜಾಸ್ತಿ, ತಂಬಿಗೆ ಬೇಗ ಮಂಕಾಗುತ್ತದೆ. ಪ್ರತಿ ಶನಿವಾರ ಟೂಟಿಂಗಿನ ನಮ್ಮವರ ಅಂಗಡಿಯಿಂದ ತಂದ ಹುಣಸೆಹಣ್ಣು ಹಚ್ಚಿ ಅದನ್ನು ಬೆಳಗುವುದು ಈಗ ನನ್ನ ಕೆಲಸ.